ಪರ್ಮನೆಂಟಾ, ಟೆಂಪರರಿನಾ?

ಇಲ್ಲಿ ಏನಾದರೂ ಬರೆದು ಐದು ತಿಂಗಳ ಮೇಲಾಯ್ತು. ಸೋಮಾರಿತನ ಇದ್ದೇ ಇದೆ, ಅದನ್ನ ಮುಚ್ಚಿಡಲ್ಲ. ಆದರೆ ಈ ಸಲ ಅದೊಂದೇ ಕಾರಣ ಅಲ್ಲ. ತಲೆಯೊಳಗೆ ಒಂದೇ ಪ್ರಶ್ನೆ ಬಂದು ಕೂತುಬಿಟ್ಟಿತ್ತು.. ಈಗಿರೋ ಕೆಲಸ ಬಿಡಬೇಕಾ, ಬೇಡವಾ? ಕೂತರೆ ಅದೇ, ನಿಂತರೆ ಅದೇ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಅದೇ. ಬೇರೆ ಏನು ಬರೆಯೋಕೆ ಕೂತರೂ ನಾಲ್ಕನೇ ಸಾಲಿಗೆ ಇದೇ ಬಂದು ನಿಲ್ಲುತ್ತಿತ್ತು. ಅದಕ್ಕೇ ಇವತ್ತು ಇದನ್ನೇ ಬರೆದು ಮುಗಿಸಿಬಿಡೋಣ ಅಂತ.

ಮೊದಲು ನನ್ನ ಕೆಲಸ ಏನು ಅಂತ ಹೇಳಬೇಕು. ಓದಿದ್ದು ಕಂಪ್ಯೂಟರ್ ಸೈನ್ಸ್ ಬಿ.ಇ. ಎಲ್ಲರ ಹಾಗೆ ಬೆಂಗಳೂರಿಗೆ ಹೋಗಿ ಒಂದು ಕಂಪನಿಯಲ್ಲಿ ಮೂರು ವರ್ಷ ಕೋಡ್ ಬರೆದೆ. ಅಪ್ಪನ ಮೊಣಕಾಲು ಆಪರೇಷನ್ ಆಯ್ತು, ನೋಡಿಕೊಳ್ಳೋಕೆ ಅಂತ ಊರಿಗೆ ಬಂದೆ. ಊರು ಅಂದರೆ ನ್ಯಾಮತಿ ಹತ್ತಿರದ ಒಂದು ಹಳ್ಳಿ. ಎರಡು ತಿಂಗಳು ಅಂದುಕೊಂಡಿದ್ದು ಆರು ತಿಂಗಳಾಯ್ತು. ಅಷ್ಟರಲ್ಲಿ ಒಬ್ಬ ಗೆಳೆಯ ಫೋನ್ ಮಾಡಿ "ಇಲ್ಲೇ ಒಂದು ಕಾಂಟ್ರ್ಯಾಕ್ಟ್ ಕೆಲಸ ಐತಿ, ಹನ್ನೊಂದು ತಿಂಗಳದ್ದು, ಬರ್ತೀಯೇನೋ?" ಅಂದ. ಹನ್ನೊಂದು ತಿಂಗಳು ತಾನೇ ಅಂತ ಸೇರಿದೆ. ಅದಾಗಿ ಈಗ ಎರಡೂವರೆ ವರ್ಷ!

ಕೆಲಸ ಇಷ್ಟೇ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿರೋ ಹಳೇ ಭೂ ದಾಖಲೆಗಳನ್ನ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸೋದು. ಸ್ಕ್ಯಾನ್ ಮಾಡೋರು ಆಪರೇಟರುಗಳು. ಅವರ ಸ್ಕ್ಯಾನರ್ ಕೆಟ್ಟರೆ, ಸಾಫ್ಟ್‌ವೇರ್ ಮುನಿಸಿಕೊಂಡರೆ, ಇಂಡೆಕ್ಸ್ ತಪ್ಪಿದರೆ ಓಡಬೇಕಾದವನು ನಾನು. ನನಗೆ ಕೊಟ್ಟಿದ್ದು ನಾಲ್ಕು ತಾಲ್ಲೂಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ನಕ್ಷೆ ನೋಡಿದವರಿಗೆ ಇದರ ಮಜಾ ಗೊತ್ತಾಗುತ್ತೆ. ಮೂರು ತಾಲ್ಲೂಕು ಕೆಳಗೆ ಶಿವಮೊಗ್ಗದ ಕಡೆ, ಜಗಳೂರು ಒಂದೇ ಮೇಲೆ ಆ ತುದಿಯಲ್ಲಿ. ಚನ್ನಗಿರಿಯಲ್ಲಿ ಅಡಿಕೆ ತೋಟ, ಹೊನ್ನಾಳಿಯಲ್ಲಿ ತುಂಗಭದ್ರಾ ಹೊಳೆ. ಅದನ್ನೆಲ್ಲ ದಾಟಿ ಜಗಳೂರು ಸೇರೋ ಹೊತ್ತಿಗೆ ನೆಲದ ಬಣ್ಣವೇ ಬೇರೆ, ಮೋಡ ನೋಡೋ ಜನರ ಮುಖವೇ ಬೇರೆ. ಜಗಳೂರಿನ ವಾರ ಇದ್ದರೆ ನಾನು ದಾವಣಗೆರೆಯಲ್ಲಿ ಗೆಳೆಯನ ರೂಮಿನಲ್ಲಿ ಠಿಕಾಣಿ. ರಾತ್ರಿಗೆ ಮಂಡಕ್ಕಿ ಮೆಣಸಿನಕಾಯಿ.

ಈ ಕೆಲಸದಲ್ಲಿ ಒಂದು ತಮಾಷೆ ಇದೆ. ಜಗಳೂರಿನ ಹಳೇ ಕಡತ ಬಿಚ್ಚಿದರೆ ಮೇಲೆ ಚಿತ್ರದುರ್ಗ ಜಿಲ್ಲೆ ಅಂತ ಸೀಲು. ಚನ್ನಗಿರಿ, ಹೊನ್ನಾಳಿಯವು ಬಿಚ್ಚಿದರೆ ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯ್ತಲ್ಲ, ಆಗ ಅಲ್ಲಿಂದೊಂದು ಇಲ್ಲಿಂದೆರಡು ಅಂತ ತಾಲ್ಲೂಕು ತಂದು ಸೇರಿಸಿದ್ದು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ನ್ಯಾಮತಿಗಂತೂ ಸ್ವಂತ ಹಳೇ ಸೀಲೇ ಇಲ್ಲ. 2018ರಲ್ಲಿ ತಾಲ್ಲೂಕಾಗೋವರೆಗೂ ಅದು ಹೊನ್ನಾಳಿಯ ಭಾಗ. ಇನ್ನು ಹರಪನಹಳ್ಳಿ ಕಥೆ ಕೇಳಲೇಬೇಡಿ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಸಾಫ್ಟ್‌ವೇರಿನವರು ಕಂಪನಿ ಬದಲಾಯಿಸಿದ ಹಾಗೆ!

ಈ ಅದಲು ಬದಲಿನಿಂದ ನನಗೆ ಬರ್ತಿದ್ದ ತಲೆನೋವು ಏನಂದ್ರೆ ಹೆಸರುಗಳು. ಒಂದೇ ಹಳ್ಳಿಯನ್ನ ಒಂದು ಕಡತದಲ್ಲಿ ಒಂದು ಥರ ಬರೆದಿರ್ತಾರೆ, ಇನ್ನೊಂದರಲ್ಲಿ ಇನ್ನೊಂದು ಥರ. ಒಂದರಲ್ಲಿ 'ಹಳ್ಳಿ', ಇನ್ನೊಂದರಲ್ಲಿ 'ಪುರ'. ಒಂದರಲ್ಲಿ ದೀರ್ಘ ಇದೆ, ಇನ್ನೊಂದರಲ್ಲಿ ಹೃಸ್ವ. ಆಪರೇಟರ್ ಕಂಡಿದ್ದನ್ನ ಕಂಡ ಹಾಗೆ ಹೊಡೀತಾನೆ, ಅದು ಅವನ ತಪ್ಪಲ್ಲ. ಆಮೇಲೆ ಹುಡುಕಿದರೆ ಸಿಗಲ್ಲ, ಅಷ್ಟೇ. ಅದಕ್ಕೆ ನಾನೇ ರಾತ್ರಿ ಕೂತು ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಹತ್ತಿರಹತ್ತಿರ ಇರೋ ಹೆಸರುಗಳನ್ನ ಒಟ್ಟುಗೂಡಿಸಿ, ಹಳೇ ಹೋಬಳಿ, ಸರ್ವೆ ನಂಬರ್ ಜೊತೆ ತಾಳೆ ನೋಡಿ, "ಇದೂ ಅದೇ ಊರು ಇರಬಹುದು" ಅಂತ ತೋರಿಸೋದು. ಯಾರೂ ಕೇಳಿರಲಿಲ್ಲ. ಯಾರೂ ದುಡ್ಡೂ ಕೊಡಲಿಲ್ಲ.

ಒಂದು ದಿನ ಜಗಳೂರಿನಲ್ಲಿ ಒಬ್ಬ ಅಜ್ಜ ಬಂದರು. ಅವರ ಅಪ್ಪನಿಗೆ ಮಂಜೂರಾಗಿದ್ದ ಜಮೀನಿನ ಸಾಗುವಳಿ ಚೀಟಿಯ ಕಡತ ಬೇಕು. ಮನೆಯಲ್ಲಿದ್ದಿದ್ದು ಗೆದ್ದಲು ತಿಂದು ಅರ್ಧ ಆಗಿತ್ತು. ಹಿಂದೆ ಬಂದಾಗೆಲ್ಲ ಹುಡುಕಿ ಸಿಕ್ಕಿರಲಿಲ್ಲವಂತೆ. ಅಧಿಕಾರಿಗಳು ಹುಡುಕಿ ನೋಡಿ ಅಂದರು, ನನ್ನ ಪ್ರೋಗ್ರಾಂ ಓಡಿಸಿದೆ. ಊರಿನ ಹೆಸರಲ್ಲಿ ಒಂದಕ್ಷರ ವ್ಯತ್ಯಾಸ! ಮೂರನೇ ಸಾಲಿನಲ್ಲೇ ಇತ್ತು. ಗಂಟು ಬಿಚ್ಚಿ ತೆಗೆದಾಗ ಆ ಅಜ್ಜ ಕಾಗದ ಓದಲಿಲ್ಲ, ಅವರಿಗೆ ಓದು ಬರಲ್ಲ. ಕೆಳಗಿದ್ದ ಹೆಬ್ಬೆಟ್ಟಿನ ಗುರುತು ನೋಡಿ "ಇದು ನಮ್ಮಪ್ಪಂದೇ" ಅಂದರು. ಹೆಬ್ಬೆಟ್ಟು ನೋಡಿ ಅಪ್ಪಂದು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳೋ ಧೈರ್ಯ ನನಗಾಗಲಿಲ್ಲ.

ಬೆಂಗಳೂರಿನ ಮೂರು ವರ್ಷದಲ್ಲಿ ನಾನು ಬರೆದ ಕೋಡನ್ನ ಯಾರು ಉಪಯೋಗಿಸಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲಿ ಉಪಯೋಗಿಸಿದ ಮನುಷ್ಯ ನನ್ನ ಎದುರಿಗೆ ನಿಂತು ಕಣ್ಣೊರೆಸಿಕೊಂಡ. ಈಗ ನೀವೇ ಹೇಳಿ, ಇಂಥ ಕೆಲಸ ಬಿಡೋದು ಸುಲಭವಾ?

ಸುಲಭ ಅಲ್ಲ. ಆದರೆ ಸಂಬಳ?

ಕಾಗದದ ಮೇಲೆ ತಿಂಗಳಿಗೆ 26,000. ಪಿ.ಎಫ್.ಗೆ 1,800 ಹೋಗುತ್ತೆ, ವೃತ್ತಿ ತೆರಿಗೆ 200 ಹೋಗುತ್ತೆ, ಕೈಗೆ 24,000. ಬಂದರೆ! ಏಜೆನ್ಸಿಯವರು ಒಂದು ಸಲ ಎರಡು ತಿಂಗಳದ್ದು ಒಟ್ಟಿಗೆ ಹಾಕಿದರು, ಒಂದು ಸಲ ಮೂರು ತಿಂಗಳದ್ದು. ಕೇಳಿದರೆ "ಬಿಲ್ ಪಾಸಾಗಿಲ್ಲ". ಹನ್ನೊಂದು ತಿಂಗಳಿಗೊಮ್ಮೆ ಹೊಸ ಪತ್ರ. ಈ ಪತ್ರ ಮುಗಿಯೋಕೆ ಎರಡು ತಿಂಗಳು ಇರುವಾಗಲೇ ಆಪರೇಟರುಗಳ ಮುಖದಲ್ಲಿ ಪರೀಕ್ಷೆ ಕಳೆ ಬಂದುಬಿಡುತ್ತೆ. ರಿನ್ಯೂ ಆಗುತ್ತಾ ಸಾರ್, ನಿಮಗೇನಾದ್ರೂ ಗೊತ್ತಾ ಸಾರ್.. ನನಗೇನು ಗೊತ್ತು, ನನ್ನದೂ ಅದೇ ಪತ್ರ.

ಇಂಥ ಹೊತ್ತಲ್ಲೇ ಬೆಂಗಳೂರಿನಿಂದ ಆಫರ್ ಬಂತು. ಹಳೇ ಸಹೋದ್ಯೋಗಿಯೊಬ್ಬ ರೆಫರ್ ಮಾಡಿದ್ದ. ದಾಖಲೆಗಳನ್ನ ಹುಡುಕೋ ಸಾಫ್ಟ್‌ವೇರ್ ಮಾಡೋ ಚಿಕ್ಕ ಕಂಪನಿ. ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಆ ಊರ ಹೆಸರಿನ ಪ್ರೋಗ್ರಾಂ ಬಗ್ಗೆಯೇ ಕೇಳಿದರು. ಜಗಳೂರಿನ ಗೆದ್ದಲಿಗೆ ಒಂದು ಥ್ಯಾಂಕ್ಸ್ ಹೇಳಬೇಕು. ವರ್ಷಕ್ಕೆ 8.4 ಲಕ್ಷ ಸಿ.ಟಿ.ಸಿ. ಅಂದರೆ ತಿಂಗಳಿಗೆ 70,000. 26 ಎಲ್ಲಿ, 70 ಎಲ್ಲಿ! ಆ ದಿನ ನಿದ್ದೆ ಬರಲಿಲ್ಲ.

ಮಾರನೇ ದಿನ ಪೆನ್ನು ಹಿಡಿದು ಕೂತೆ. ಈ ಲೆಕ್ಕ ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು, ಅದಕ್ಕೆ ಪೂರ್ತಿ ಬರೀತೀನಿ. 70,000ದಲ್ಲಿ ನೂರಕ್ಕೆ ಹತ್ತು 'ವೇರಿಯಬಲ್', ಅಂದರೆ ವರ್ಷದ ಕೊನೆಗೆ ಅವರ ಮನಸ್ಸಿದ್ದಷ್ಟು. ಹಾಗಾಗಿ 7,000 ಕಳೆಯಿರಿ. ಕಂಪನಿ ಕಟ್ಟೋ ಪಿ.ಎಫ್. 1,800 ಕೂಡ ಸಿ.ಟಿ.ಸಿ.ಯೊಳಗೇ ಸೇರಿದೆ. ನನ್ನ ಪಾಲಿನದು ಇನ್ನೊಂದು 1,800. ಗ್ರಾಚ್ಯುಟಿ ಅಂತ ಮೂಲ ವೇತನದ ನೂರಕ್ಕೆ 4.81, ಸುಮಾರು 1,700. ವೃತ್ತಿ ತೆರಿಗೆ 200. ಉಳಿದಿದ್ದು ಹತ್ತಿರಹತ್ತಿರ 57,500. ಅದರಲ್ಲಿ ಬೆಂಗಳೂರಿನ ರೂಮಿನ ಪಾಲು 12,000, ಊಟ ತಿಂಡಿ 8,000, ಓಡಾಟ 5,000, ತಿಂಗಳಿಗೆ ಎರಡು ಸಲ ಊರಿಗೆ ಬರೋದು 3,000. ಉಳಿಯೋದು 29,500. ಇಲ್ಲಿ 24,000ದಲ್ಲಿ ಬಸ್ಸು ಪೆಟ್ರೋಲು 4,500, ಟೀ ಊಟ ಅಂತ 3,500 ಹೋದರೆ 16,000 ಉಳಿಯುತ್ತೆ. 44,000 ಅಂತ ಕಂಡಿದ್ದ ವ್ಯತ್ಯಾಸ 13,500ಕ್ಕೆ ಬಂದು ನಿಂತಿತು. ಕಡಿಮೆಯೇನಲ್ಲ. ಆದರೆ ನಿದ್ದೆ ಕೆಡಿಸಿಕೊಳ್ಳೋವಷ್ಟೂ ಅಲ್ಲ.

ದುಡ್ಡಿನ ಲೆಕ್ಕ ಹೀಗೆ ಸಣ್ಣದಾದ ಮೇಲೆ ಉಳಿದಿದ್ದು ಒಂದೇ ಪದ. ಪರ್ಮನೆಂಟ್.

ನಮ್ಮ ಮನೆಯಲ್ಲಿ ಈ ಪದಕ್ಕೆ ಮುಹೂರ್ತದಷ್ಟೇ ಬೆಲೆ. ಅವ್ವ ಎರಡು ವರ್ಷದಿಂದ ಹೆಣ್ಣು ನೋಡ್ತಿದಾಳೆ. ಮಾತುಕತೆ ಚೆನ್ನಾಗೇ ಶುರುವಾಗುತ್ತೆ. ಹುಡುಗ ಇಂಜಿನಿಯರು, ತಾಲ್ಲೂಕು ಆಫೀಸಲ್ಲಿ ಕೆಲಸ. ಆಮೇಲೆ ಆ ಕಡೆಯವರು ಒಂದು ಪ್ರಶ್ನೆ ಕೇಳ್ತಾರೆ, "ಪರ್ಮನೆಂಟಾ?" ಅಲ್ಲಿಗೆ ಉಪ್ಪಿಟ್ಟು ಅವಲಕ್ಕಿ ಬರೋದೂ ನಿಲ್ಲುತ್ತೆ. ಅವ್ವ ಬುದ್ಧಿವಂತೆ, "ಆಗ್ತದೆ ಅಂತ ಹೇಳ್ಯಾರೆ" ಅಂತಾಳೆ. ಯಾರು ಹೇಳ್ಯಾರೆ ಅಂತ ನನಗೂ ಗೊತ್ತಿಲ್ಲ. ಅಪ್ಪ ಮಾತ್ರ "ಪರ್ಮನೆಂಟ್ ಹಾಳಾಗಲಿ, ಹೋದ ತಿಂಗಳ ಸಂಬಳ ಬಂತೇನಪ್ಪಾ ಅದು ಹೇಳು" ಅಂತಾರೆ. ಮೆಕ್ಕೆಜೋಳ ಬೆಳೆದು ದುಡ್ಡಿಗೆ ಕಾದವರ ಮಾತು ಅದು.

ಹೊಸ ಆಫರ್ ಪತ್ರದಲ್ಲಿ ಪರ್ಮನೆಂಟ್ ಅನ್ನೋ ಪದ ಹುಡುಕಿದೆ. ಆರು ತಿಂಗಳು ಪ್ರೊಬೇಷನ್ ಅಂತ ಇದೆ. ಆಮೇಲೆ ಎರಡು ಕಡೆಯಿಂದಲೂ 60 ದಿನದ ನೋಟಿಸ್ ಕೊಟ್ಟು ಬಿಡಬಹುದು ಅಂತ ಇದೆ. ಪರ್ಮನೆಂಟ್ ಅನ್ನೋದು ಇಡೀ ಪತ್ರದಲ್ಲಿ ಒಂದೇ ಕಡೆ ಸಿಕ್ತು: 'ಪರ್ಮನೆಂಟ್ ಅಡ್ರೆಸ್'. ಅದರ ಮುಂದೆ ನಮ್ಮೂರಿನ ಹೆಸರು.

ಹಾಗಾದರೆ ಇಲ್ಲೇ ಇದ್ದರೆ ಆ ಪದ ಸಿಗುತ್ತಾ? ಇದನ್ನ ನನಗೆ ಅರ್ಥ ಮಾಡಿಸಿದ್ದು ಜಗಳೂರಿನ ಆಪರೇಟರ್ ಅಣ್ಣ. ವಯಸ್ಸು ನಲವತ್ತರ ಹತ್ತಿರ. ಹನ್ನೆರಡು ವರ್ಷದಿಂದ ಒಂದಲ್ಲ ಒಂದು ಏಜೆನ್ಸಿ ಕೆಳಗೆ, ಒಂದಲ್ಲ ಒಂದು ಯೋಜನೆಯಲ್ಲಿ ಕಂಪ್ಯೂಟರ್ ಕುಟ್ಟುತ್ತಿರೋ ಮನುಷ್ಯ. ಅವರ ಬ್ಯಾಗಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಕವರ್ ಇರುತ್ತೆ. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೇಳಿದೆ. ಒಳಗಿದ್ದಿದ್ದು ಇಷ್ಟೂ ವರ್ಷದ ನೇಮಕಾತಿ ಪತ್ರಗಳು. ಹನ್ನೊಂದು ತಿಂಗಳದ್ದು, ಆರು ತಿಂಗಳದ್ದು, ಒಂದಂತೂ 89 ದಿನದ್ದು. "ಯಾವತ್ತರ ಪರ್ಮನೆಂಟ್ ಮಾಡ್ತಾರಂದ್ರ ಇವೆಲ್ಲ ಬೇಕಾಗ್ತಾವು ಸಾರ್" ಅಂದರು.

ಅವತ್ತು ರಾತ್ರಿ ನಾನು ಕೂತು ಓದಿದೆ. ಕಾನೂನು ನನ್ನ ವಿಷಯ ಅಲ್ಲ, ಆದರೂ ಓದಿದೆ. ಈ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯ ಆಗೋ ತೀರ್ಪು ಹುಟ್ಟಿದ್ದೇ ನಮ್ಮ ರಾಜ್ಯದ ಕೇಸಿನಿಂದ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ ಅಂತ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ದಿನಗೂಲಿ ಮೇಲೆ ದುಡಿದವರು ನಮ್ಮನ್ನ ಕಾಯಂ ಮಾಡಿ ಅಂತ ಕೋರ್ಟಿಗೆ ಹೋಗಿದ್ದರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿದ್ದು ಏನಂದ್ರೆ, ಎಷ್ಟೇ ವರ್ಷ ದುಡಿದರೂ ತಾತ್ಕಾಲಿಕ ನೌಕರನಿಗೆ ಕಾಯಂ ಆಗೋ ಹಕ್ಕು ತಾನಾಗೇ ಬರಲ್ಲ. ಸರ್ಕಾರಿ ಹುದ್ದೆ ಅಂದರೆ ಎಲ್ಲರಿಗೂ ಅರ್ಜಿ ಹಾಕೋ ಅವಕಾಶ ಕೊಟ್ಟೇ ತುಂಬಬೇಕು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆ ಇಲ್ಲದೆ ಆಗಲೇ ಹತ್ತು ವರ್ಷ ಮುಗಿಸಿದ್ದವರಿಗೆ ಮಾತ್ರ ಒಂದು ಸಲದ ವಿನಾಯಿತಿ.

ಆಮೇಲೆ ಗಾಳಿ ಸ್ವಲ್ಪ ತಿರುಗಿದೆ ಅನ್ನೋದೂ ನಿಜ. ಕೇಂದ್ರ ಜಲ ಆಯೋಗದಲ್ಲಿ ಕಸ ಗುಡಿಸೋ, ತೋಟ ನೋಡಿಕೊಳ್ಳೋ ಕೆಲಸವನ್ನ ವರ್ಷಾನುಗಟ್ಟಲೆ ಮಾಡಿ ಕೊನೆಗೆ ಹೊರಗೆ ಹಾಕಿಸಿಕೊಂಡವರ ಕೇಸಿನಲ್ಲಿ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟೇ ಅವರನ್ನ ಕಾಯಂ ಮಾಡಿ ಅಂತ ಹೇಳಿತು. ಉಮಾದೇವಿ ತೀರ್ಪನ್ನ ಪ್ರಾಮಾಣಿಕವಾಗಿ ದುಡಿದವರ ವಿರುದ್ಧ ಅಸ್ತ್ರ ಮಾಡಿಕೊಳ್ಳಬೇಡಿ ಅನ್ನೋ ಅರ್ಥದ ಮಾತೂ ಅದರಲ್ಲಿದೆ. ಆದರೆ ಅವರ ಕೆಲಸ ವರ್ಷವಿಡೀ ನಡೆಯೋದು, ನಮ್ಮದು ಸ್ಕ್ಯಾನಿಂಗ್ ಮುಗಿದ ದಿನ ಮುಗಿಯೋದು. ಅದೂ ಏಜೆನ್ಸಿ ಕಡೆಯಿಂದ. ನಮ್ಮ ಪತ್ರದಲ್ಲಿ ಸರ್ಕಾರದ ಹೆಸರಿನ ಸಹಿಯೇ ಇಲ್ಲ.

ಇದನ್ನ ಅಣ್ಣನಿಗೆ ಹೇಳಬೇಕಾ ಬೇಡವಾ ಅಂತ ಮೂರು ದಿನ ಒದ್ದಾಡಿದೆ. ಹನ್ನೆರಡು ವರ್ಷದ ಕವರ್ ಅದು. ಕೊನೆಗೆ ಟೀ ಅಂಗಡಿಯಲ್ಲಿ ಮೆತ್ತಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು ನಕ್ಕರು.

"ಗೊತ್ತೈತಿ ಸಾರ್. ವಕೀಲರೊಬ್ರು ಹೇಳಿದ್ರು, ನಾಲ್ಕು ವರ್ಷ ಆತು."

"ಮತ್ತೆ ಯಾಕಣ್ಣ ಇಟ್ಕೊಂಡಿದೀರ?"

"ಎಸೀಲಿಕ್ಕೆ ಮನಸ್ಸು ಬರಲ್ಲ ಸಾರ್. ಇಷ್ಟು ವರ್ಷ ನಾನೆಲ್ಲಿದ್ದೆ ಅಂತ ಹೇಳಾಕ ಇವಷ್ಟೇ ಅದಾವು." ಸ್ವಲ್ಪ ಹೊತ್ತು ಬಿಟ್ಟು, "ನೀವು ಹೋಗ್ರಿ. ನನ್ ಥರ ಕಾಯಬ್ಯಾಡ್ರಿ. ಕೆಲಸ ಚಲೋ ಐತಿ ಅಂತ ಇರೋದು ಬ್ಯಾರೆ, ಪರ್ಮನೆಂಟ್ ಆಗ್ತದ ಅಂತ ಇರೋದು ಬ್ಯಾರೆ. ನನಗ ಎರಡರ ನಡುವಿನ ಫರಕು ತಿಳಿಯೋದ್ರಾಗ ಹನ್ನೆರಡು ವರ್ಷ ಹೋತು."

ಎರಡೂವರೆ ವರ್ಷದಲ್ಲಿ ನಾನೂ ಅವೆರಡನ್ನ ಕಲಸಿಕೊಂಡುಬಿಟ್ಟಿದ್ದೆ ಅಂತ ಆವಾಗ ಗೊತ್ತಾಯ್ತು. ಕೆಲಸ ಇಷ್ಟ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅದು ನಿಜ. ಆದರೆ ಒಳಗೊಳಗೆ ಅವ್ವನ "ಆಗ್ತದೆ ಅಂತ ಹೇಳ್ಯಾರೆ" ಕೂಡ ಇತ್ತು. ಅದನ್ನ ತೆಗೆದುಹಾಕಿದರೆ ಉಳಿಯೋದೇನು? ಇನ್ನು ಏಳೆಂಟು ತಿಂಗಳ ಸ್ಕ್ಯಾನಿಂಗು. ಆಮೇಲೆ ನಾನು ಬೇಕಾಗೇ ಇಲ್ಲ.

ಇನ್ನೊಂದು ಯೋಚನೆ ಬಂತು. 'ಭೂಮಿ' ಯೋಜನೆ ನೆನಪಿದೆಯಲ್ಲ? 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಿದ್ದು. ಆಗಿದ್ದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದರು. ಆ ಎಂಟ್ರಿ ಮಾಡಿದ್ದು ಖಾಸಗಿ ಡೇಟಾ ಎಂಟ್ರಿ ಏಜೆನ್ಸಿಗಳು ಕರೆತಂದ ಹುಡುಗ ಹುಡುಗಿಯರು. ಅವರ ಹೆಸರು ಯಾವ ಪಹಣಿಯ ಮೇಲೂ ಇಲ್ಲ. ಈಗ ಅವರೆಲ್ಲ ಎಲ್ಲಿದ್ದಾರೋ. ಆದರೆ ನಮ್ಮಪ್ಪ ಬೆಳೆ ಸಾಲಕ್ಕೆ ಅಂತ ಪಹಣಿ ತೆಗೆಸಿದಾಗೆಲ್ಲ ಅವರು ಕುಟ್ಟಿದ ಅಕ್ಷರಗಳೇ ಕೆಲಸಕ್ಕೆ ಬರೋದು. ಕೆಲಸ ಪರ್ಮನೆಂಟು, ಮಾಡಿದವರು ಟೆಂಪರರಿ. ಇದು ಸರಿನಾ ಅಂದರೆ ಸರಿಯಲ್ಲ. ಆದರೆ ನಾನು ಬಿಟ್ಟುಹೋದರೆ ಕೆಲಸ ನೀರಿಗೆ ಹೋಗುತ್ತೆ ಅನ್ನೋ ನನ್ನ ಭಯಕ್ಕೆ ಇದರಲ್ಲಿ ಉತ್ತರ ಇತ್ತು. ಸರಿಯಾಗಿ ಬಿಟ್ಟುಹೋದರೆ ಹೋಗಲ್ಲ.

ಹಾಗಾಗಿ, ಹೂಂ, ಬಿಡ್ತಿದೀನಿ.

ಸರಿಯಾಗಿ ಬಿಡೋದಕ್ಕೆ ಏನೇನು ಮಾಡಿದೆ ಅಂತಲೂ ಹೇಳಿಬಿಡ್ತೀನಿ, ನಿಮ್ಮಲ್ಲಿ ಕಾಂಟ್ರ್ಯಾಕ್ಟಿನಲ್ಲಿ ಇರೋರು ಇದ್ದೀರಿ ಅಂತ ಗೊತ್ತು. ಮೊದಲು ಹೊಸ ಕಂಪನಿಯ ಸಹಿ ಆದ ಪತ್ರ ಕೈಗೆ ಬಂತು, ಆಮೇಲೆ ಇಲ್ಲಿ ಬಾಯಿಬಿಟ್ಟೆ. ಪತ್ರದಲ್ಲಿ ಇದ್ದಂತೆ 30 ದಿನದ ನೋಟಿಸನ್ನ ಫೋನಲ್ಲಿ ಹೇಳದೆ ಈಮೇಲ್‌ನಲ್ಲೇ ಕೊಟ್ಟೆ. ಬಾಕಿ ಇರೋ ಎರಡು ತಿಂಗಳ ಸಂಬಳ, ಅನುಭವ ಪತ್ರ, ರಿಲೀವಿಂಗ್ ಪತ್ರ ಮೂರನ್ನೂ ಅದೇ ಈಮೇಲ್‌ನಲ್ಲಿ ಕೇಳಿದೆ. ಪಿ.ಎಫ್.ನ ಯು.ಎ.ಎನ್. ನಂಬರ್ ಒಂದೇ ಇರೋ ಹಾಗೆ, ಕೆಲಸ ಬಿಟ್ಟ ದಿನಾಂಕ ಅದರಲ್ಲಿ ದಾಖಲಾಗೋ ಹಾಗೆ ನೋಡಿಕೊಳ್ಳಿ. ಹತ್ತು ವರ್ಷದ ಸೇವೆ ಕೂಡಿದರೆ ಮಾತ್ರ ಪಿ.ಎಫ್. ಪಿಂಚಣಿ, ನಡುವೆ ದುಡ್ಡು ತೆಗೆದುಬಿಟ್ಟರೆ ಆ ವರ್ಷಗಳು ಹೋದ ಹಾಗೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅವಧಿ ಗೊತ್ತುಮಾಡಿ ನೇರವಾಗಿ ನೇಮಿಸಿಕೊಂಡ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ನಿಮ್ಮ ಪತ್ರಕ್ಕೆ ಸಹಿ ಹಾಕಿದ ಮಾಲೀಕ ಯಾರು ಅಂತ ಒಮ್ಮೆ ತೆಗೆದು ನೋಡಿ.

ಹೊಸ ಕಂಪನಿಯವರನ್ನ ಮೂರು ವಾರ ಹೆಚ್ಚು ಟೈಮ್ ಕೇಳಿದೆ, ಎರಡು ವಾರ ಕೊಟ್ಟರು. ಅಷ್ಟರಲ್ಲಿ ಜಗಳೂರಿನ ಇಂಡೆಕ್ಸ್ ಮುಗಿಸಿದೆ. ನ್ಯಾಮತಿ ಹಳ್ಳಿಗಳ ಹಳೇ ಕಡತ ಹೊನ್ನಾಳಿ ಹೆಸರಲ್ಲಿ ಎಲ್ಲೆಲ್ಲಿವೆ ಅಂತ ಒಂದು ಪಟ್ಟಿ ಮಾಡಿದೆ. ಪ್ರೋಗ್ರಾಂ ಹೇಗೆ ಓಡಿಸಬೇಕು, ನಿಂತುಹೋದರೆ ಏನು ಮಾಡಬೇಕು ಅಂತ ಹದಿನಾಲ್ಕು ಪುಟ ಬರೆದೆ. ಕನ್ನಡದಲ್ಲೇ ಬರೆದೆ. ನಾಲ್ಕೂ ಕಡೆ ಒಂದೊಂದು ಪ್ರಿಂಟು ಕೊಟ್ಟೆ. ಚನ್ನಗಿರಿಯ ಆಪರೇಟರ್ ಹುಡುಗಿ ಅದನ್ನ ಓದಿ, ಏಳನೇ ಪುಟದಲ್ಲಿ ಒಂದು ತಪ್ಪು ಹಿಡಿದಳು! ಅವತ್ತು ನನಗೆ ಸಮಾಧಾನ ಆಯ್ತು. ಇನ್ನು ನಾನು ಇಲ್ಲದಿದ್ದರೂ ನಡೆಯುತ್ತೆ.

ಹೋದ ಶುಕ್ರವಾರ ಜಗಳೂರಿನಲ್ಲಿ ಕೊನೇ ದಿನ. ಸಂಜೆ ಐದೂವರೆಗೆ ಎಲ್ಲರೂ ಹೊರಟ ಮೇಲೆ ಅಣ್ಣ ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. "ಸಾರ್, ಇಂಕು ಮಾಸಾಕ ಹತ್ಯಾವು. ಒಂದಿಷ್ಟು ನಿಮ್ಮ ಮೊಬೈಲ್ದಾಗ ಸ್ಕ್ಯಾನ್ ಮಾಡಿಕೊಡ್ತೀರಾ?" ಆಫೀಸಿನ ಸ್ಕ್ಯಾನರ್ ಬೇಡ ಅಂತ ಅವರೇ ಅಂದರು, ಅದು ಸರ್ಕಾರದ್ದು. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಒಂದೊಂದಾಗಿ ಹರವಿ ತೆಗೆದೆ. ಒಟ್ಟು ಹದಿನೇಳು ಪತ್ರ. 89 ದಿನದ್ದು ಮೊದಲು, ಈಗಿನದು ಕೊನೆಗೆ. ವರ್ಷದ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ಇಂಡೆಕ್ಸ್ ಹಾಕಿ, ಒಂದೇ ಫೈಲು ಮಾಡಿ ಅವರ ಫೋನಿಗೆ ಕಳಿಸಿದೆ. ಅವರು ತೆರೆದು ಮೊದಲನೇ ಪುಟ ದೊಡ್ಡದು ಮಾಡಿ, ತಮ್ಮ ಹೆಸರು ನೋಡಿಕೊಂಡರು.

ಬಸ್ಸು ಬಂತು. "ಬರ್ತಿರ್ರಿ ಸಾರ್" ಅಂದರು. ಬರ್ತೀನಿ ಅಂದೆ. ಹರಪನಹಳ್ಳಿಯೇ ವಾಪಸ್ ಹೋಗಿದೆಯಂತೆ, ನಾನು ಬರಲ್ವಾ..

ಮುಂದಿನ ಸೋಮವಾರ ಬೆಂಗಳೂರು. ಅವ್ವ ಆಗಲೇ ಮತ್ತೊಂದು ಕಡೆ ಫೋನ್ ಹಚ್ಚಿದಾಳೆ. ಈ ಸಲ ಅವರು ಪರ್ಮನೆಂಟಾ ಅಂತ ಕೇಳಿದರೆ ಏನು ಹೇಳ್ತೀಯ ಅಂದೆ. "ಅಡ್ರೆಸ್ಸು ಪರ್ಮನೆಂಟ್ ಅಂತೀನಿ ತಗಾ" ಅಂದಳು. ಆ ಆಫರ್ ಪತ್ರದ ವಿಷಯ ಅವಳಿಗೆ ಹೇಳಬಾರದಿತ್ತು.